ಮೊಣಕೈಗೆ ಉಳಿದ ದೂರ

೧೯೫೮ನೆಯ ಇಸವಿ ಆಗಸ್ಟ್ ೧೧, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಶಿಕಾರಿಪುರದ ವಿಜ್ಞಾನದ ಮೇಷ್ಟ್ರು ಪರಮಶಿವಪ್ಪ ಪಡಸಾಲೆಯ ಬೆಳಕಿಗೆ ಎಡಗೈ ಚಾಚಿ ಕೂತು, ಎರಡೂ ಕಾಲು ಚೂಪಾಗಿದ್ದ ಕೈವಾರವನ್ನು ತಮ್ಮದೇ ಹುಣ್ಣಿನ ಮೇಲೆ ಊರಿದರು. ಮಣಿಕಟ್ಟಿನಿಂದ ಮೇಲಕ್ಕೆ ಐದನೆಯ ಗಂಟು ಎದ್ದಿತ್ತು, ಅದೂ ಅವರು ಮೊದಲೇ ಗುರುತಿಟ್ಟಿದ್ದ ಜಾಗದಲ್ಲೇ. ಗಾಬರಿಯಾಗಬೇಕಿದ್ದ ಮನುಷ್ಯನಿಗೆ, ಲೆಕ್ಕ ಸರಿಹೋಯಿತೆಂದು ಒಳಗೊಳಗೇ ಖುಷಿಯಾಯಿತು.

ಮೇ ತಿಂಗಳಲ್ಲಿ ಬಣವೆಯಿಂದ ಹುಲ್ಲು ಹಿರಿಯುವಾಗ ಮಣಿಕಟ್ಟಿಗೆ ಚುಚ್ಚಿದ ಒಂದು ಕಡ್ಡಿ ಇದಕ್ಕೆಲ್ಲ ಮೂಲ. ಬೇರೆಯವರ ಕೈಯಾಗಿದ್ದರೆ ಬೇಗ ಮಾಯುತ್ತಿತ್ತೇನೋ. ಮೇಷ್ಟ್ರು ಉಬ್ಬಸಕ್ಕೆಂದು ವರ್ಷದಿಂದ ಪ್ರೆಡ್ನಿಸೊಲೋನ್ ಮಾತ್ರೆ ನುಂಗುತ್ತಿದ್ದರು. ಉಬ್ಬಸ ಅಡಗಿಸುವ ಮಾತ್ರೆ ಮೈಯ ಕಾವಲನ್ನೂ ಮಲಗಿಸುತ್ತದೆಂದು ಅವರೇ ತರಗತಿಯಲ್ಲಿ ವಿವರಿಸಿದ್ದರು. ತಮ್ಮ ಮೈ ಮಾತ್ರ ಆ ಪಾಠಕ್ಕೆ ಹೊರತು ಎಂಬಂತೆ. ಮುಲಾಮು ಹಚ್ಚಿ ಸೋತ ಊರ ವೈದ್ಯರು, ಇದು ಮೊಣಕೈ ದಾಟಿದರೆ ಕೈ ತೆಗೆಸಬೇಕಾದೀತು ಎಂದಿದ್ದರು. ಅಂದಿನಿಂದ ಅಳತೆ ಶುರುವಾಯಿತು.

ಮೊದಲೆರಡು ಗಂಟುಗಳ ನಡುವೆ ಇಪ್ಪತ್ತೈದು ಮಿಲಿಮೀಟರ್ ಇತ್ತು. ಕೈವಾರವನ್ನು ಅಷ್ಟೇ ಅಗಲಿಸಿ ಎರಡರ ಮೇಲೂ ಊರಿ, ಹಿಂದಿನ ಕಾಲನ್ನೆತ್ತಿ ಮುಂದಕ್ಕೆ ತಿರುಗಿಸಿ, ಮುಂದಿನದು ಇಲ್ಲೇ ಏಳಬೇಕು ಎಂದು ಮೊನೆಯೊತ್ತಿ ಗುರುತು ಮಾಡುತ್ತಿದ್ದರು. ಎರಡು ಮೂರು ವಾರದಲ್ಲಿ ಅಲ್ಲೇ ಏಳುತ್ತಿತ್ತು. ಗ್ರಾಫ್ ಕಾಗದದಲ್ಲಿ ರೇಖೆ ನೆಟ್ಟಗೆ ಬಂದಿತ್ತು. ಮೈಸೂರಿನ ಹಳೆಯ ಪ್ರೊಫೆಸರರಿಗೆ, ವ್ರಣಗಳ ಚಲನೆಯ ನಿಯಮವೊಂದು ತಮಗೆ ಹೊಳೆದಿದೆಯೆಂದು ಮೂರು ಪುಟದ ಕಾಗದವೂ ಸಿದ್ಧವಾಗಿತ್ತು.

"ರೀ, ಕೈ ವಾಸಿಯಾಗಬೇಕೋ, ನಿಮ್ಮ ನಿಯಮ ಗೆಲ್ಲಬೇಕೋ? ಒಂದು ಹೇಳ್ರಿ," ಎಂದರು ಹೆಂಡತಿ ಜಗದಾಂಬ. ಉತ್ತರಕ್ಕೆ ಕಾಯದೆ ಗಂಡನನ್ನು ಸೊರಬದ ಬಸ್ಸು ಹತ್ತಿಸಿ ತಾವೂ ಹತ್ತಿದರು.

ಸೊರಬದಲ್ಲಿ ಡಾಕ್ಟರ್ ವೀರಬಸಪ್ಪ ಇದ್ದರು. ಯುದ್ಧಕಾಲದಲ್ಲಿ ಅಸ್ಸಾಮಿನ ಸೈನ್ಯದ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಕೈ ನೋಡಿದ ಕೂಡಲೇ, ಇದು ಹುಲ್ಲಿನ ಬೂಷ್ಟು, ಚರ್ಮದ ಅಡಿಗಿಳಿದಿದೆ, ಅಲ್ಲಿ ಸಿಪಾಯಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ ಎಂದರು. ಮೇಷ್ಟ್ರು ಮೆಲ್ಲಗೆ ಗ್ರಾಫನ್ನು ಮುಂದಿಟ್ಟರು. ಡಾಕ್ಟರು ಅದನ್ನೂ ಕೈಯನ್ನೂ ಎರಡೆರಡು ಸಲ ನೋಡಿ, ಅಳೆಯುವ ಸಾಮಾನು ಯಾವುದೆಂದು ಕೇಳಿದರು. ಮೇಷ್ಟ್ರು ಜೇಬಿನಿಂದ ಕೈವಾರ ತೆಗೆದು ತೋರಿಸಿದರು.

"ಇದು ಸೊಟ್ಟ ಸೊಟ್ಟ ಹತ್ತೋ ರೋಗ ಮೇಷ್ಟ್ರೇ. ಇಂಚಿಗೊಂದು ಎದ್ದಿದ್ದು ನಿಮ್ಮ ಕೈಯಲ್ಲೇ ಕಂಡಿದ್ದು. ಕೈವಾರ ಒರೆಸ್ತಿದ್ರಾ?"

"ಒರೆಸ್ತಿದ್ದೆ. ಪಂಚೆ ಚುಂಗಿಗೆ."

"ಹಂಗಾದ್ರೆ ಎಂತ ಸಂಶಯ. ಗದ್ದೇಲಿ ಹಗ್ಗ ಹಿಡಿದು ಸಾಲಾಗಿ ಸಸಿ ನೆಡ್ತಾರಲ್ಲ, ಹಂಗೆ ಜಪಾನ್ ಪದ್ಧತಿ ನಾಟಿ ಮಾಡಿದೀರಿ ಮಾರಾಯ್ರೆ."

ಹಳೆಯ ಹುಣ್ಣಿನ ಕೀವು ಹೊತ್ತ ಮೊನೆಯಿಂದ ಹೊಸ ಜಾಗ ಚುಚ್ಚಿ, ಬೆಳೆ ಬಂದಾಗ ತಮ್ಮ ಭವಿಷ್ಯ ನಿಜವಾಯಿತೆಂದು ಹಿಗ್ಗಿದ್ದು ಮೇಷ್ಟ್ರಿಗೆ ಒಂದೊಂದಾಗಿ ನೆನಪಾಯಿತು. ಜಗದಾಂಬ ಕೈವಾರವನ್ನು ಕಿತ್ತುಕೊಂಡು ಚೀಲಕ್ಕೆ ಹಾಕಿದರು.

ಕೈ ಉಳಿಯುತ್ತದೆಯೇ ಎಂದು ಕೇಳಿದವರೂ ಅವರೇ. ಅಳೆಯುವುದನ್ನು ಬಿಟ್ಟರೆ ಉಳಿದೀತು ಎಂದರು ಡಾಕ್ಟರು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸದೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಪೊಟ್ಯಾಸಿಯಂ ಅಯೊಡೈಡಿನ ಹನಿಗಳನ್ನು ಹಾಲಿನಲ್ಲಿ ಕುಡಿಯಬೇಕು. ಅದು ಕಫವನ್ನೂ ಕರಗಿಸುತ್ತದೆ. ಆ ಉಪ್ಪಿನ ಬಾಟಲಿ ತಮ್ಮ ಪ್ರಯೋಗಶಾಲೆಯ ಕಪಾಟಿನಲ್ಲೇ ನಾಲ್ಕು ವರ್ಷದಿಂದ ಕೂತಿತ್ತೆಂಬುದನ್ನು ಮೇಷ್ಟ್ರು ಯಾರಿಗೂ ಹೇಳಲಿಲ್ಲ.

ಮೈಸೂರಿಗೆ ಬರೆದಿದ್ದ ಕಾಗದ ನೀರೊಲೆಗೆ ಹೋಯಿತು. ಗಂಟುಗಳು ಮೇಲಿನಿಂದ ಒಂದೊಂದಾಗಿ ಬತ್ತಿದವು. ಮೊಣಕೈ ಮುಟ್ಟಿದ್ದು ಯಾವುದೂ ಇಲ್ಲ. ನವೆಂಬರ್ ಕೊನೆಗೆ ಉಳಿದದ್ದು ಮಣಿಕಟ್ಟಿನದೊಂದೇ, ಅದೂ ಕುಗ್ಗುತ್ತಿತ್ತು. ಮೇಷ್ಟ್ರು ಎರಡು ದಿನ ಗೋಗರೆದ ಮೇಲೆ ಜಗದಾಂಬ ಹೂ ಕಟ್ಟುವ ದಾರವನ್ನು ಗಾಯಕ್ಕೆ ತಾಕದಂತೆ ಮೇಲೆ ಹಿಡಿದು, ಗಾಯದ ಅಗಲದಷ್ಟಕ್ಕೇ ಕತ್ತರಿಸಿ ಕೊಟ್ಟರು. ಮೇಷ್ಟ್ರು ಅದನ್ನು ಅಡಿಕೋಲಿನ ಮೇಲಿಟ್ಟು ಕನ್ನಡಕ ಸರಿಮಾಡಿಕೊಂಡರು.

ಏಳು ಮಿಲಿಮೀಟರ್.