ಅಪ್ಪನಿಗೊಂದು ಹೊಸ ಮಡಕೆ

ಗುರು ನೀರು ತುಂಬಿದ ಮಡಕೆಯನ್ನು ಹೆಗಲಿಗೇರಿಸಿಕೊಂಡಾಗ ಸುಡುಗಾಡಿನ ಬೇಲಿಯಾಚೆ ನಿಂತಿದ್ದ ಅವನ ಅಕ್ಕ ಪ್ರಮೋದಾಳ ಜೀವ ಬಾಯಿಗೆ ಬಂತು. ಸೌದೆಯ ಮೇಲೆ ಮಲಗಿದ್ದವನು ಅವರಪ್ಪ, ಸಮೇತನಹಳ್ಳಿಯ ಕುಂಬಾರ ಕೊಂಡಪ್ಪ. ಮಡಕೆ ಅವಳು ಮಾಡಿದ್ದು.

ಮಗ ಚಿತೆಯನ್ನು ಮೂರು ಸುತ್ತು ಬರಬೇಕು. ಒಂದೊಂದು ಸುತ್ತಿಗೂ ಹಿರಿಯರೊಬ್ಬರು ಹಿಂದಿನಿಂದ ಕುಡುಗೋಲಿನ ತುದಿಯಲ್ಲಿ ಮಡಕೆಗೆ ತೂತು ಹಾಕುತ್ತಾರೆ. ಕೊನೆಗೆ ಮಗ ಹಿಂದಿರುಗಿ ನೋಡದೆ ಅದನ್ನು ಬೀಳಿಸಿ ಒಡೆಯಬೇಕು. ಸರಿಯಾಗಿ ಬೇಯದ ಮಡಕೆ ಮೊದಲ ಏಟಿಗೇ ಹೆಗಲ ಮೇಲೆ ಕುಸಿಯುತ್ತದೆ. ಹಾಗಾದರೆ ಕೊಂಡಪ್ಪ ಮಗಳ ಕೈಗೆ ತಿಗರಿಚಕ್ರ ಕೊಟ್ಟು ಕೆಟ್ಟ ಎಂದು ಊರೇ ಆಡಿಕೊಳ್ಳುತ್ತದೆ. ತನ್ನನ್ನು ಅಂದರೆ ಅನ್ನಲಿ, ಸತ್ತ ಅಪ್ಪನನ್ನು ಅನ್ನಬಾರದಲ್ಲ.

ಕುಡುಗೋಲು ಹಿಡಿದಿದ್ದ ಚಿಕ್ಕಪ್ಪ ಪಾಪಯ್ಯ ಬೆಳಿಗ್ಗೆಯೇ ತಕರಾರು ತೆಗೆದಿದ್ದ. ಹೆಂಗಸು ಮಾಡಿದ್ದು ಈ ಕೆಲಸಕ್ಕೆ ಆಗದು, ಹೊಸಕೋಟೆಯಿಂದ ಒಂದು ತರಿಸಿ ಅಂದಿದ್ದ. ಗುರು ಬೈಕಿನ ಕೀ ಹುಡುಕತೊಡಗಿದ್ದ. ಆಗ ಗಂಡನ ಕಾಲ ಬಳಿ ಕೂತಿದ್ದ ಅವ್ವ ದ್ಯಾವಮ್ಮ ತಲೆಯೆತ್ತಿದಳು.

"ಕುಂಬಾರ್ರ ಮನೆಯೋರು ಅಂಗಡಿ ಮಡಕೆ ಹೊತ್ಕಂಡು ಹೋಗ್ತೀರಾ? ಈವಯ್ಯ ಎದ್ದು ಕೂತ್ಕಂಡು ಬಯ್ತಾನೆ ಅಷ್ಟೇ. ಮಗಳು ಮಾಡಿರೋದೈತೆ, ಅದನ್ನೇ ತಗೊಂಡೋಗಿ."

*

ಅವರ ಮನೆತನದಲ್ಲಿ ಹೆಂಗಸರು ಮಣ್ಣು ತುಳಿಯಬಹುದು, ಸೌದೆ ಒಟ್ಟಬಹುದು. ತಿಗರಿಚಕ್ರ ಮಾತ್ರ ಮುಟ್ಟುವಂತಿಲ್ಲ. ಕೈ ನಡುಗತೊಡಗಿದ ವರ್ಷ ಕೊಂಡಪ್ಪ ತಾನೇ ಚಕ್ರ ಬಿಟ್ಟೆದ್ದು ಮಗಳಿಗೆ, ನೋಡಿದ್ದು ಸಾಕು, ಕೂತ್ಕೋ ಅಂದುಬಿಟ್ಟ. ಅವಳು ಮಾಡಿದ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಮುಖ ಸಿಂಡರಿಸಿ ಪಕ್ಕಕ್ಕಿಡುತ್ತಿದ್ದ. ಒಂದು ಸಲವಾದರೂ ಚೆನ್ನಾಗಿದೆ ಅಂದನೇ ಆ ಮುದುಕ! ಅವನ ಕೈ ನೋಡಿಕೊಂಡೇ ಬೆಳೆದವಳು ಅವನ ಹಾಗೇ ಅಂಚು ತಿರುವುತ್ತಿದ್ದಳು. ಅದಕ್ಕೂ ಬೈಗುಳವೇ.

"ನನ್ ಕೈ ನಂಗಿರ್ಲಿ ಕಣಮ್ಮ. ನಿನ್ ಕೈ ಎಲ್ಲೈತೆ, ತೋರ್ಸು."

*

ಪಾಪಯ್ಯ ಮೊದಲ ಏಟು ಹಾಕಿದ. ಪ್ರಮೋದಾ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಮಡಕೆ ಹಾಗೇ ಇತ್ತು. ದುಂಡನೆಯ ತೂತಿನಿಂದ ನೀರು ಸಣ್ಣಗೆ ಸುರಿಯುತ್ತಿತ್ತು. ಎರಡನೆಯದೂ ಆಯಿತು. ಮೂರನೆಯದನ್ನು ಪಾಪಯ್ಯ ಬೇಕೆಂದೇ ಜೋರಾಗಿ ಹೊಡೆದನೇನೋ, ಆದರೂ ಬಿರುಕು ಬಿಡಲಿಲ್ಲ. ಗುರು ಕೈ ಸಡಿಲಿಸಿದ. ಮಡಕೆ ನೆಲಕ್ಕೆ ಬಿದ್ದು ಚೂರುಚೂರಾಯಿತು. ಅಬ್ಬಾ ಎಂದು ಅವಳು ಬೇಲಿಯ ಕಲ್ಲುಕಂಬ ಹಿಡಿದು ಕೂತುಬಿಟ್ಟಳು. ಬೆಳಿಗ್ಗೆಯಿಂದ ಬಾರದಿದ್ದ ಅಳು ಈಗ ಬಂತು, ಎದೆ ಹಗುರಾಯಿತು.

ಬೆಂಕಿ ಹತ್ತಿಕೊಂಡ ಮೇಲೆ ಗಂಡಸರು ಸ್ನಾನಕ್ಕೆ ಹೊರಟರು. ಪಾಪಯ್ಯ ಮಾತ್ರ ಬೇಲಿಯ ಹತ್ತಿರ ಬಂದು ನಿಂತು ಗಂಟಲು ಸರಿಮಾಡಿಕೊಂಡ.

"ನಂಗೂ ಒಂದ್ ಮಾಡಿಡಮ್ಮ," ಅಂದ. "ನನ್ ಮಕ್ಳು ಪ್ಲಾಸ್ಟಿಕ್ ಬಿಂದಿಗೆ ತಂದ್ಬಿಟ್ರೂ ತಂದ್ಬಿಟ್ರೇ."

ಎಷ್ಟು ದೊಡ್ಡದು ಬೇಕೆಂದು ಅವಳು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಕೇಳಿದಳು. ಮುದುಕ ಕುಡುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಗಳನ್ನು ಗಾಳಿಯಲ್ಲಿ ದುಂಡಗೆ ಹಿಡಿದು ತೋರಿಸಿದ. ಆಮೇಲೆ ಸಾಲದೆನಿಸಿ ಇನ್ನೊಂದಿಷ್ಟು ಅಗಲಿಸಿದ.