ಗಡಸು ನೀರಿನ ಊರಲ್ಲಿ ಮೆತ್ತನೆ ಕೂದಲು

ಗಂಡನ ತಲೆಯ ಮೇಲೆ ಒಂದು ಬಿಳಿ ದಾರದ ಎಳೆ, ಟವೆಲ್ಲಿನದಿರಬೇಕು, ತೆಗೆಯೋಣ ಅಂತ ಕೈಯಿಟ್ಟಳು, ಬೆರಳು ಜಾರಿತು — ಜಾರುವುದು ಅಂದರೇನು, ಈ ಊರಲ್ಲಿ ಯಾರ ಕೂದಲಲ್ಲೂ ಬೆರಳು ಜಾರುವುದಿಲ್ಲ, ಒಣಹುಲ್ಲಿನ ಕಂತೆಯಲ್ಲಿ ಸಿಕ್ಕಿಕೊಂಡ ಹಾಗೆ ನಿಂತುಬಿಡುತ್ತದೆ, ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಬೆಳಗಿಂದ ಸಂಜೆವರೆಗೆ ಸಲೂನಿನಲ್ಲಿ ಊರವರ ತಲೆ ತೊಳೆಯುವ ಕೈ ಇದು, ಶಾಂಪೂ ಸುರಿದಷ್ಟೂ ನೊರೆಯ ಬದಲು ಒಡೆದ ಹಾಲಿನಂಥದ್ದೇನೋ ಬೆರಳಿಗೆ ಅಂಟುತ್ತದೆ, ಆದರೆ ಇವನ ಕೂದಲು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅನ್ನುತ್ತಾರಲ್ಲ, ಇಲ್ಲಿ ಕೂದಲೇ ಬೆಣ್ಣೆ. ಏನೇ ಅದು, ಅವನು ಪೇಪರಿನಿಂದ ಕಣ್ಣು ತೆಗೆಯದೆ ಕೇಳಿದ, ಏನಿಲ್ಲರೀ, ದಾರ ಇತ್ತು, ಅಂದಳು, ಕೈ ಮಾತ್ರ ವಾಪಸ್ಸು ಬರಲಿಲ್ಲ. ಒಲೆಯ ಮೇಲೆ ಕೆಟಲ್ಲು ಕಾಯುತ್ತಿದೆ, ಒಳಗೆ ಕಟ್ಟಿಕೊಂಡ ಬಿಳಿ ಹೆಕ್ಕಳೆಗಳು ಕುದಿಗೆ ಎದ್ದು ಕಟಕಟ ಅನ್ನುತ್ತಿವೆ, ಯಾರೋ ಒಳಗೆ ಕೂತು ಹಲ್ಲು ಕಡಿಯುತ್ತಿದ್ದಾರೆ ಅನ್ನುವ ಹಾಗೆ, ಶನಿವಾರ, ಇವತ್ತು ಶನಿವಾರ, ಶನಿವಾರ ಅಂದರೆ ಇವನಿಗೆ ಓವರ್‌ಟೈಮು, ಕಾರ್ಖಾನೆಯಲ್ಲಿ ಓವರ್‌ಟೈಮು ಮಾಡಿದರೆ ತಲೆ ಮೆತ್ತಗಾಗುತ್ತದಾ? ಸಲೂನಿನ ಪಕ್ಕದ ಬೇಸಿನ್ನಿನವಳು ಮೊನ್ನೆ ನಗುತ್ತ ಅಂದಿದ್ದಳು, ನಮ್ಮೂರ ಗಂಡಸಿನ ತಲೆ ಮೆತ್ತಗಾಯ್ತು ಅಂದ್ರೆ ಬೇರೆ ಯಾರದೋ ಬಚ್ಚಲು ಸಿಕ್ಕಿದೆ ಅಂತ ಲೆಕ್ಕ ಕಣೇ, ಎಲ್ಲರೂ ನಕ್ಕಿದ್ದರು, ಇವಳೂ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು, ಥೂ. ಯಾರ ಬಚ್ಚಲು, ನೀರು ಮೆದುಮಾಡುವ ಯಂತ್ರ ಇರುವ ಯಾವ ಮನೆ, ಊರಿಗೆಲ್ಲ ಅಂಥದ್ದೊಂದು ಇರುವುದು ಸಲೂನಿನಲ್ಲಿ, ಅದೂ ಮೂಲೆಯ ಬೇಸಿನ್ನಿಗೆ ಮಾತ್ರ, ಅದನ್ನು ಮಾಲೀಕಳು ದೊಡ್ಡ ಗಿರಾಕಿಗಳಿಗೆ ಅಂತ ಮಗುವಿನ ಹಾಗೆ ಕಾಯುತ್ತಾಳೆ — ಬಗ್ಗಿ ಮೂಸಿದಳು, ಸೆಂಟಿಲ್ಲ, ಹೂವಿಲ್ಲ, ಬಟ್ಟೆ ಸೋಪಿನ ವಾಸನೆ, ಬರೀ ಅಗ್ಗದ ಬಟ್ಟೆ ಸೋಪು, ಯಾವ ಹೆಂಗಸು ಮನಸು ಕೊಟ್ಟ ಗಂಡಸಿನ ತಲೆಗೆ ಬಟ್ಟೆ ಸೋಪು ಹಚ್ಚುತ್ತಾಳೆ.

ಆಗ ಕಂಡಿತು ಬೈತಲೆ. ಬಲಗಡೆ, ಕಿವಿಯ ನೇರಕ್ಕೆ, ಅಡಿಕೋಲು ಇಟ್ಟು ಎಳೆದ ಹಾಗೆ. ಇವನು ಬೈತಲೆ ತೆಗೆಯುವವನೇ ಅಲ್ಲ, ಹಿಂದಕ್ಕೆ ಬಾಚುವವನು, ದಾರಿಯಲ್ಲಿ ಕೈಯಾಡಿಸಿ ಅಳಿಸಲು ನೋಡಿದ್ದಾನೆ, ಆದರೆ ಮೆತ್ತನೆ ಕೂದಲು ಸುಳ್ಳು ಹೇಳುವುದಿಲ್ಲ, ಬಾಚಿದವರು ಹೇಗೆ ಬಾಚಿದರೋ ಹಾಗೇ ಬೀಳುತ್ತದೆ, ಇದೇ ಗೆರೆಯನ್ನು ಅವಳು ದಿನಾ ನೋಡುತ್ತಾಳೆ, ಗೋಡೆಯ ಮೇಲೆ, ಶಾಲೆಯ ಅಂಗಿ ಹಾಕಿ ನಿಂತ ಇವನ ಫೋಟೊ, ಬಲಗಡೆ ಬೈತಲೆ, ಪಕ್ಕದಲ್ಲಿ ಭುಜದಿಂದ ಮುಂದೆ ಇಳಿಬಿಟ್ಟ ಮೊಣಕೈ ದಪ್ಪದ ಜಡೆಯ ಅತ್ತೆ. ಅತ್ತೆ. ಈಗಿರುವುದು ನದಿಯಾಚೆ, ನಾದಿನಿಯ ಮನೆಯಲ್ಲಿ, ಅಲ್ಲಿ ನೀರು ಎಷ್ಟು ಮೆದು ಅಂದರೆ ಹಚ್ಚಿದ ಸೋಪು ಮೈ ಬಿಟ್ಟು ಹೋಗಲು ಒಪ್ಪುವುದಿಲ್ಲ, ನಾಲ್ಕು ಚೊಂಬು ಸುರಿದರೂ ಜಾರುತ್ತಲೇ ಇರುತ್ತದೆ, ಆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ ಇವನು, ಇಷ್ಟೆತ್ತರದ ಗಂಡಸು, ಕಣ್ಣು ಮುಚ್ಕೊಳೋ ಉರಿಯುತ್ತೆ ಅನ್ನುತ್ತಿದ್ದಾರೆ ಅತ್ತೆ — ಆ ಕಡೆ ತಲೆ ಹಾಕಿಯೂ ಮಲಗಬೇಡಿ, ಹೋದರೆ ನನ್ನ ಮುಖ ನೋಡಬೇಡಿ ಅಂತ ಇವಳು ಅಂದಿದ್ದಳು, ಹೂಂ ಅಂದಿದ್ದ.

ಮತ್ತೇನು ಮಾಡಬೇಕಿತ್ತು, ಮದುವೆಯೂ ಈ ಊರೂ ಆ ಮನೆಗೆ ಒಟ್ಟಿಗೇ ಬಂದವು, ಇವನಿಗೆ ಇಲ್ಲಿ ಕೆಲಸ ಸಿಕ್ಕಿ ಎಲ್ಲರೂ ಗಂಟುಮೂಟೆ ಕಟ್ಟಿ ಬಂದ ತಿಂಗಳೇ ಇವಳು ಸೊಸೆಯಾದಳು, ಕಾಳು ಬೇಯದಿದ್ದರೆ ನಿನ್ನ ಕೈಗುಣ, ಬಿಳಿ ಅಂಗಿ ಬೂದಿಯಾದರೆ ನಿನ್ನ ಕೈಗುಣ, ತೊಳೆದ ಲೋಟದ ಮೇಲೆ ಬಿಳಿ ಕಲೆ, ಗೀಸರು ಸುಟ್ಟಿತು, ಎಲ್ಲಾ ಕೈಗುಣ, ನೀರು ಅತ್ತೆ ನೀರು ಅಂದರೆ, ನೀರು ಎಲ್ಲಾ ಕಡೆ ನೀರೇ ಕಣಮ್ಮ, ಕೈ ಬೇರೆ ಬೇರೆ. ಆ ಜಡೆ ಮಾತ್ರ ಉದುರಿ ಉದುರಿ ದಿನಾ ಬಚ್ಚಲ ಜಾಲರಿಯಲ್ಲಿ ಸುರುಳಿಯಾಗಿ ಸಿಗುತ್ತಿತ್ತು. ಒಂದು ಸಲ ಅತ್ತೆ ಬಾಗಿಲ ಹತ್ತಿರ ನಿಂತು, ದನಿ ಇಳಿಸಿ, ನಿಮ್ಮಂಗಡೀಲಿ ಒಳ್ಳೇ ನೀರು ಬರುತ್ತಂತಲ್ಲ, ಒಂದ್ಸಲ ನನ್ನ ತಲೇನೂ ತೊಳೀತೀಯೇನೇ ಅಂದಿದ್ದರು, ಮಾಲೀಕಳು ಬಿಡಲ್ಲ ಅಂದಳು ಇವಳು, ಕೇಳಿ ನೋಡಿದ್ದಳಾ, ಇಲ್ಲ, ಕೇಳಲೇ ಇಲ್ಲ. ಆಮೇಲೆ ನೆಂಟರು ಬಂದ ದಿನ, ಬೇಯದ ಕಾಳು ತಟ್ಟೆಯಲ್ಲಿ ಟಣ್ಣೆಂದಾಗ, ನಮ್ಮ ಸೊಸೆ ಕೈಗುಣ ನೋಡಿ ಅಂತ ಅತ್ತೆ ನಕ್ಕಾಗ, ನಾಲಿಗೆ ಜಾರಿತು, ಜಾರಲಿಲ್ಲ, ಬೇಕಂತಲೇ ಎಸೆದಳು, ನಿಮ್ಮ ತಲೇಲಿ ನಾಲ್ಕೆಳೆ ಉಳಿದಿದೆಯಲ್ಲ ಅತ್ತೆ, ಅದೂ ನನ್ನ ಕೈಗುಣಾನಾ? ಅತ್ತೆ ಸೆರಗೆಳೆದು ತಲೆ ಮುಚ್ಚಿಕೊಂಡರು, ಮುಚ್ಚಿಕೊಂಡೇ ಬಸ್ಸು ಹತ್ತಿದರು, ಊರವರ ತಲೆಯನ್ನೆಲ್ಲ ಮಡಿಲಲ್ಲಿಟ್ಟುಕೊಂಡ ಹಾಗೆ ತೊಳೆಯುವ ಕೈ ಇದು.

ಈಗ ಕೇಳಿಬಿಡಬಹುದು, ಎಲ್ಲಿಗೆ ಹೋಗಿದ್ರಿ, ಮಾತು ಕೊಟ್ಟಿದ್ರಲ್ಲ ಅಂತ ರಂಪ ಮಾಡಬಹುದು, ಇಲ್ಲ ಕೂದಲು ಕೆದರಿ ಆ ಗೆರೆ ಅಳಿಸಿ ಏನೂ ಕಾಣದ ಹಾಗೆ ಟೀ ಸೋಸಬಹುದು, ಕೆಟಲ್ಲು ಕಟಕಟ ಅನ್ನುತ್ತದೆ, ಕೈ ಅಲ್ಲೇ ಇದೆ, ಬಾಯಿ ತಾನೇ ಆಡಿಬಿಡುತ್ತದೆ, ಅತ್ತೆ ಕೂದಲು ಮತ್ತೆ ಬಂದಿದೆಯಾ? ಪೇಪರು ನಿಂತಿತು. ತಿರುಗದೆಯೇ, ಸ್ವಲ್ಪ, ಅಂದ, ಜಡೆ ಹಾಕೋವಷ್ಟು ಇಲ್ಲ. ಅವಳು ಬೆರಳಿಂದ ಕೂದಲನ್ನು ಹಿಂದಕ್ಕೆ ತಳ್ಳಿದಳು, ಬಿಟ್ಟಳು, ಅದು ಮೆಲ್ಲಗೆ ಬಿದ್ದಿತು, ಅಲ್ಲಿಗೇ, ಬಲಗಡೆ, ಕಿವಿಯ ನೇರಕ್ಕೆ, ಮತ್ತೆ ತಳ್ಳಿದಳು, ಮತ್ತೆ ಬಿದ್ದಿತು, ಬೈತಲೆ, ಬಿಳಿ, ನೆಟ್ಟಗೆ, ಆ ಬೈತಲೆ —