ಸುಂದ್ರಮ್ಮನ ಹೆಸರಿನ ಡಬ್ಬಿ

ಕೊರಳಿನ ಲಿಂಗ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳಾಗಿದ್ದರೆ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಿದ್ದೆ. ಗಾವಡಗೆರೆ ಹೋಬಳಿಯಲ್ಲಿ ನೀಲಕಂಠಸ್ವಾಮಿ ಅಂದರೆ ಯಾರೆಂದು ಯಾರನ್ನು ಬೇಕಾದರೂ ಕೇಳಿ. ‘ಕಟ್ಟೆಮಳಲವಾಡೀಲಿ ಒಂದು ಹೊಗೆಸೊಪ್ಪಿನ ಎಲೆ ಕೆಳಗೆ ಹುಣಸೂರು ಬಸ್ಸು ಮಳೆಗೆ ನಿಂತಿತ್ತು ಅಂದೋನಲ್ವಾ?’ ಎನ್ನುತ್ತಾರೆ. ಜನ ಎಲ್ಲವನ್ನೂ ದೊಡ್ಡದು ಮಾಡುತ್ತಾರೆ. ನಿಂತದ್ದು ಬಸ್ಸಲ್ಲ, ಬಸ್ಸಿನ ಮೂತಿ ಮಾತ್ರ. ಹಿಂದಿನ ಸೀಟಿನವರೆಲ್ಲ ನೆನೆದರು.

ಇದು ಅಂಥದ್ದಲ್ಲ. ಮಹದೇವಪ್ಪ ನನ್ನ ದೊಡ್ಡಪ್ಪನ ಮಗ. ಅವನ ಮಗಳು ಸುಂದ್ರಮ್ಮ. ಇಪ್ಪತ್ತಾರು ದಾಟಿದೆ, ಮದುವೆಯಾಗಿಲ್ಲ. ಎಷ್ಟೋ ವರ್ಷದಿಂದ ಅವಳು ಒಂದು ಕೂಸನ್ನೂ ಎತ್ತಿಕೊಂಡಿಲ್ಲ. ತನ್ನ ಉಸಿರು ತಗುಲಿ ಹೆತ್ತ ತಾಯಿ ಸತ್ತಳು ಎಂದು ಅವಳ ನಂಬಿಕೆ. ಸುಂದ್ರಮ್ಮನಿಗೆ ಕ್ಷಯದ ಕಾಯಿಲೆ ಬಂದೇ ಇರಲಿಲ್ಲ. ಇದು ಬದುಕಿರುವವರಲ್ಲಿ ನನಗೊಬ್ಬನಿಗೇ ಗೊತ್ತು. ಗೊತ್ತಿರುವ ಬಾಯಿ ಇಂಥದ್ದಾಗಿ ಹೋಯಿತು, ಅಷ್ಟೆ.

ಅರವತ್ತಾರನೇ ಇಸವಿ. ಬ್ಯಾರನ್ನುಗಳೆನ್ನುವ ಗೂಡುಮನೆಗಳಿಗೆ ಬೆಂಕಿ ಹಾಕಿ ಹೊಗೆಸೊಪ್ಪು ಒಣಗಿಸುವ ಕಾಲ. ಊರೆಲ್ಲ ಘಾಟು. ಆಗ ಒಂದು ಜೀಪಿನಲ್ಲಿ ಡಾಕ್ಟರೊಬ್ಬರು ಬಂದರು. ಕ್ಷಯದವರನ್ನು ಸ್ಯಾನಟೋರಿಯಮ್ಮಿಗೆ ಸಾಗಿಸದೆ ಮನೆಯಲ್ಲೇ ಇಟ್ಟು ಮಾತ್ರೆ, ಇಂಜೆಕ್ಷನ್ ಕೊಟ್ಟರೆ ವಾಸಿಯಾಗುತ್ತದೆಯೇ ಎಂದು ಹಳ್ಳಿಹಳ್ಳಿ ಸುತ್ತಿ ಪರೀಕ್ಷೆ ಮಾಡುವ ತಂಡ ಅವರದು. ಸಣ್ಣ ಪ್ರಾಯ, ಒಳ್ಳೆಯ ಮನುಷ್ಯ. ಜೊತೆಯಲ್ಲಿ ಕಫ ಹಿಡಿಯುವ ಡಬ್ಬಿಗಳ ಪೆಟ್ಟಿಗೆ ಹೊರಲು ಚಲುವಯ್ಯ. ಯಾರ ಮನೆಯಲ್ಲಿ ಯಾರು ಕೆಮ್ಮುತ್ತಾರೆ ಎಂದು ತೋರಿಸಲು ನಾನು.

ಮೊದಲನೇ ದಿನ ಜೀಪಿನಲ್ಲಿ ಸುಮ್ಮನೆ ಕೂರಲಾರದೆ ಹೇಳಿದೆ: ‘ಸ್ವಾಮಿ, ನಮ್ಮ ಸಣ್ಣಬೀರಯ್ಯನ ಉಂಜ ಬ್ಯಾರನ್ ಹೊಗೆ ಕುಡ್ದೂ ಕುಡ್ದೂ ಈಗ ಕೂಗಾಕಿಲ್ಲ. ಬೆಳಗಾಯ್ತು ಅಂದ್ರೆ ಎಲ್ಡು ಸಲ ಕೆಮ್ತದೆ.’

ಡಾಕ್ಟರು ನಗಲಿಲ್ಲ. ಮಾರನೆಯ ಬೆಳಿಗ್ಗೆ ಚಲುವಯ್ಯನನ್ನು ಒಂದು ಡಬ್ಬಿ ಕೊಟ್ಟು ಆ ಹುಂಜದ ಹತ್ತಿರ ಕಳಿಸಿದರು. ಹಾಳಾದ್ದು, ಆವತ್ತು ಹುಣಸೂರಿಗೆ ಕೇಳಿಸುವ ಹಾಗೆ ಕೂಗಿತು. ಅಲ್ಲಿಂದ ಮುಂದೆ ನಾನು ಬಾಯಿ ತೆರೆದರೆ ಸಾಕು, ಡಾಕ್ಟರು ಕನ್ನಡಕ ಒರೆಸುತ್ತ ‘ಹುಂಜ ಹೇಗಿದೆ ನೀಲಕಂಠಸ್ವಾಮಿ?’ ಎನ್ನುತ್ತಿದ್ದರು.

ಪ್ರತಿ ಮನೆಯ ಮುಂದೆಯೂ ಅವರು ಹೇಳುತ್ತಿದ್ದದ್ದು ಒಂದೇ ಮಾತು: ‘ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸೋಕೆ ಮುಂಚೆ, ಎದೆಯ ಆಳದಿಂದ ಕೆಮ್ಮಿ ತೆಗೀಬೇಕು. ಮಧ್ಯಾಹ್ನ ಉಗಿದರೆ ಅದು ಬರೀ ಬಾಯಿ ನೀರು. ಅದರಲ್ಲಿ ಕಾಯಿಲೆ ಇದ್ದರೂ ನಮಗೆ ಕಾಣೋದಿಲ್ಲ.’ ನನಗೂ ಬಾಯಿಪಾಠವಾಗಿತ್ತು.

ಮಹದೇವಪ್ಪನ ಮನೆಗೆ ಬಂದಾಗ ಸುಂದ್ರಮ್ಮ ಪಡಸಾಲೆಯಲ್ಲಿ ಒಣಗಿದ ಹೊಗೆಸೊಪ್ಪು ಬಿಡಿಸಿ ಬಣ್ಣದ ಪ್ರಕಾರ ಜೋಡಿಸುತ್ತ ಕೆಮ್ಮುತ್ತಿದ್ದಳು. ಆ ದೂಳಿಗೆ ಕೆಮ್ಮದವರು ಯಾರು? ನಾನೂ ಕೆಮ್ಮಿದೆ, ಡಾಕ್ಟರೂ ಕೆಮ್ಮಿದರು. ಆದರೆ ಅವಳು ದೀಪಾವಳಿಯಿಂದ ಕೆಮ್ಮುತ್ತಿದ್ದಾಳೆಂದು ಮಹದೇವಪ್ಪ ಇದ್ದದ್ದು ಇದ್ದ ಹಾಗೆ ಒದರಿದ. ಚಲುವಯ್ಯ ಡಬ್ಬಿಯ ಮೇಲೆ ಅವಳ ಹೆಸರು ಬರೆದು ಇಟ್ಟ.

ಅವಳ ತಾಯಿ ಶಿವರುದ್ರಮ್ಮ ಬಾಗಿಲ ಹಿಂದೆ ನಿಂತಿದ್ದಳು. ‘ನಿಮಗೇನಾದರೂ ಕೆಮ್ಮು ಉಂಟಾ ಅಮ್ಮ?’ ಎಂದು ಡಾಕ್ಟರು ಕೇಳಿದರೆ ಉಸಿರು ಬಿಗಿಹಿಡಿದು ಇಲ್ಲವೆಂದು ತಲೆಯಾಡಿಸಿದಳು. ಜೀಪು ತಿರುಗಿದ ಮೇಲೆ ಗೋಡೆ ಹಿಡಿದುಕೊಂಡು ಕೆಮ್ಮಿದಳು. ಕಿರಿಮಗ ಹುಟ್ಟಿದಾಗಿನಿಂದ ಆ ಕೆಮ್ಮು ಇತ್ತು. ಕೇಳಿದರೆ ‘ಒಲೆ ಹೊಗೆ ಕಣಪ್ಪ’ ಎನ್ನುತ್ತಿದ್ದಳು.

ಅವಳ ಚಿಂತೆಯೇ ಬೇರೆ. ಕೆ.ಆರ್. ನಗರದ ಆಚೆ ಸಾಲಿಗ್ರಾಮದ ಕಡೆಯಿಂದ ಸುಂದ್ರಮ್ಮನಿಗೆ ಗಂಡು ಗೊತ್ತಾಗಿತ್ತು. ಬರುವ ಸೋಮವಾರ ಎಲೆಅಡಿಕೆ ಬದಲಾಯಿಸಬೇಕು. ಡಬ್ಬಿಯ ಮೇಲೆ ಮಗಳ ಹೆಸರು ಕಂಡದ್ದೇ ಆಕೆಯ ಮುಖ ಬೂದಿಯಾಗಿತ್ತು.

ಮಾರನೆಯ ದಿನ ಬೆಳಕು ಹರಿಯುವಾಗ ಡಬ್ಬಿ ತರಲು ಹಿತ್ತಿಲ ಕಡೆಯಿಂದ ಹೋದೆ. ಸುಂದ್ರಮ್ಮ ಡಾಕ್ಟರು ಹೇಳಿದ ಹಾಗೇ ಕೆಮ್ಮಿ ಉಗಿದು, ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟು ಒಳಗೆ ಹೋದಳು. ಶಿವರುದ್ರಮ್ಮ ಅತ್ತಿತ್ತ ನೋಡಿ, ಅದನ್ನು ತಿಪ್ಪೆಗೆ ಚೆಲ್ಲಿ, ಬೂದಿ ಹಾಕಿ ಉಜ್ಜಿ, ನೀರಲ್ಲಿ ಗಲಬರಿಸಿ, ಸೆರಗಿನಿಂದ ಒರೆಸಿದಳು. ಆಮೇಲೆ ಕೊಟ್ಟಿಗೆ ಗೋಡೆಗೆ ಒರಗಿ ತಾನು ಕೆಮ್ಮತೊಡಗಿದಳು. ಹಸುಗಳೆಲ್ಲ ಎದ್ದು ನಿಂತವು. ಡಬ್ಬಿ ತುಂಬಿತು.

ತಲೆಯೆತ್ತಿದರೆ ಎದುರಿಗೆ ನಾನು.

‘ಅತ್ಗಮ್ಮ, ಇದೇನ್ ಮಾಡುದ್ರಿ?’

‘ನಂದು ಮುದುಕಿ ಕೆಮ್ಮು. ಇದ್ರಲ್ಲಿ ಏನಿರ್ತದೆ? ಮಗೀಗೆ ಕೆಟ್ಟೆಸ್ರು ಬರಬಾರ್ದು ಕಣಪ್ಪ. ನೀ ಏನೂ ನೋಡ್ನಿಲ್ಲ.’

‘ನೋಡ್ದೆ ಅಂದ್ರೂ ನನ್ ಮಾತ ಯಾರ್ ನಂಬ್ತಾರೆ ಬುಡಿ’ ಎಂದೆ. ಇಬ್ಬರೂ ನಕ್ಕೆವು. ಮುದುಕಿ ಎಂದಳಲ್ಲ, ಆಕೆಗೆ ಆಗ ನಲವತ್ತೂ ತುಂಬಿರಲಿಲ್ಲ.

ಶನಿವಾರ ಜೀಪು ಸೀದಾ ಅವರ ಮನೆಯ ಮುಂದೆ ನಿಂತಿತು. ಡಾಕ್ಟರು ಮಹದೇವಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೇ ಹೇಳಿದರು. ಆದರೆ ನಮ್ಮೂರಲ್ಲಿ ಮೆಲ್ಲಗೆ ಹೇಳಿದ್ದೇ ದೂರ ಹೋಗುವುದು. ಸುಂದ್ರಮ್ಮನ ಡಬ್ಬಿಯಲ್ಲಿ ಕ್ಷಯದ ಹುಳು ಸಿಕ್ಕಿದೆ, ಒಂದೆರಡಲ್ಲ, ದುರ್ಬೀನಿನ ಕೆಳಗಿಟ್ಟ ಗಾಜಿನ ತುಂಬ.

ಶಿವರುದ್ರಮ್ಮ ಬೀದಿಗೇ ಓಡಿ ಬಂದಳು. ಯಾವತ್ತೂ ಪರಪುರುಷರ ಮುಂದೆ ದನಿಯೆತ್ತದ ಹೆಂಗಸು.

‘ಅದು ನಂದು ಸ್ವಾಮಿ! ಅವಳ್ದಲ್ಲ! ಅವಳ್ದ ಚೆಲ್ಲಿ ನಾ ಉಗ್ದಿದ್ದೆ!’

‘ಒಳಿಕ್ ನಡಿಯೇ, ತಲೆಗಿಲೆ ಕೆಟ್ಟದಾ?’ ಎಂದ ಮಹದೇವಪ್ಪ.

ಡಾಕ್ಟರ ಕಣ್ಣು ಒದ್ದೆಯಾಯಿತು. ‘ಅಮ್ಮಾ, ನಿಮ್ಮಂಥ ತಾಯಂದಿರನ್ನ ಊರೂರಲ್ಲೂ ನೋಡ್ತಿದ್ದೀನಿ. ಮಕ್ಕಳ ಕಾಯಿಲೇನ ತಾವೇ ಹೊತ್ಕೋತೀವಿ ಅಂತಾರೆ. ಅದು ಆಗೋದಿಲ್ಲಮ್ಮ. ಹೆದರಬೇಡಿ, ಈಗ ಮಾತ್ರೆ ಇದೆ.’

ನಾನು ಮುಂದೆ ಬಂದೆ. ‘ಸ್ವಾಮಿ, ಅತ್ಗಮ್ಮ ಏಳ್ತಿರೋದು ದಿಟ. ನಾ ಕಣ್ಣಾರೆ ಕಂಡಿವ್ನಿ.’

ಡಾಕ್ಟರು ನನ್ನ ಕಡೆ ತಿರುಗಿದರು. ‘ಹುಂಜವೂ ಕಂಡಿತ್ತಾ?’

ನೆರೆದವರೆಲ್ಲ ನಕ್ಕರು. ಮನೆಗೆ ಬೆಂಕಿ ಬಿದ್ದಂತಾಗಿದ್ದ ಮಹದೇವಪ್ಪ ಕೂಡ ಒಂದು ಗಳಿಗೆ ನಕ್ಕ. ಶಿವರುದ್ರಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು, ಇನ್ನೂ ಏನಾದರೂ ಹೇಳುತ್ತೇನೇನೋ ಎಂದು. ಊರಿಗೆಲ್ಲ ಸುಳ್ಳು ಹೊಸೆದುಕೊಟ್ಟ ನನಗೆ, ನಿಜವನ್ನು ನಿಜ ಅನ್ನಿಸುವ ಹಾಗೆ ಹೇಳುವುದಕ್ಕೆ ಒಂದು ಮಾತು ಹೊಳೆಯಲಿಲ್ಲ.

ಆಕೆ ಜೀಪಿನ ಬಾಗಿಲು ಬಿಡಲಿಲ್ಲ. ಕೊನೆಗೆ ಡಾಕ್ಟರು ‘ಆಯ್ತಮ್ಮ, ನಿಮ್ಮದನ್ನೂ ನೋಡ್ತೀನಿ’ ಎಂದು ಅಲ್ಲೇ ಒಂದು ಡಬ್ಬಿ ಕೊಡಿಸಿದರು. ಸುಡುಸುಡುವ ಮಧ್ಯಾಹ್ನ. ಬಾಯಿ ಒಣಗಿದ ಹೆಂಗಸು ಏನು ಉಗಿದಾಳು? ಮನೆಮನೆಗೂ ಪಾಠ ಹೇಳಿದ ಮನುಷ್ಯನೇ ಆ ಬಾಯಿ ನೀರನ್ನು ತೆಗೆದುಕೊಂಡು ಹೋದರು. ಕಾಯಿಲೆ ಹುಡುಕುವುದಕ್ಕಲ್ಲ, ಒಂದು ತಾಯಿಯನ್ನು ಸಮಾಧಾನ ಮಾಡುವುದಕ್ಕೆ.

ಮುಂದಿನ ವಾರ ‘ನಿಮ್ಮದು ಶುದ್ಧವಾಗಿದೆ’ ಎಂದರು.

ಶಿವರುದ್ರಮ್ಮ ಅಲ್ಲಿಗೆ ಸೋತಳು. ‘ಗಾಜ್ನಲ್ಲಿ ನೋಡಿ ಏಳ್ತಾರೆ, ಸುಳ್ಳಾದಾತಾ? ನಾ ಡಬ್ಬೀನ ಸರ್ಯಾಗಿ ಉಜ್ಜಿರ್ನಿಲ್ಲವೇನೋ ಕಣಪ್ಪ, ಮಗಿಂದೇ ವಸಿ ಉಳ್ಕಂಡಿತ್ತೇನೋ’ ಎಂದು ನನಗೇ ಹೇಳಿದಳು. ನಾನು ಬಾಯಿ ಬಡಿದುಕೊಂಡೆ. ಹುಡುಗಿಗೆ ಬರೀ ದೂಳಿನ ಕೆಮ್ಮು, ಕಾಯಿಲೆ ನಿಮ್ಮದೇ, ಬೆಳಿಗ್ಗೆ ಉಗಿದು ತೋರಿಸಿ ಎಂದೆ. ಆಕೆಯೂ ನನ್ನನ್ನು ನಂಬಲಿಲ್ಲ. ಕಣ್ಣೆದುರು ನಡೆದದ್ದನ್ನೇ ನಂಬದ ಹಾಗೆ ಆಗಿತ್ತು ಆಕೆಗೆ.

ಸಾಲಿಗ್ರಾಮದವರು ಸೋಮವಾರ ಬರಲಿಲ್ಲ. ಆಮೇಲೆ ಯಾರೂ ಬರಲಿಲ್ಲ.

ಸುಂದ್ರಮ್ಮನ ಚಾಪೆ ಜಗುಲಿಗೆ ಬಂತು. ಅವಳ ತಟ್ಟೆ, ಲೋಟ ಬೇರೆಯಾದವು. ಬಂದವರಿಗೆ ದೂರದಿಂದಲೇ ‘ಕಾಯಿಲೆಯೋಳು, ಇತ್ತಾಗೆ ಬರಬ್ಯಾಡಿ’ ಎಂದು ತಾನೇ ಹೇಳುತ್ತಿದ್ದಳು. ಜೀಪಿನಲ್ಲಿ ಬಂದವರು ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಮಾತ್ರೆ ನುಂಗಿದರೆ ವಾಂತಿ. ವಾಂತಿಯಾದ ಮೇಲೆ ಹಣೆ ಹಿಡಿದುಕೊಂಡು, ಬೆನ್ನು ನೀವಿ, ಬಾಯಿಗೆ ಗಂಜಿ ಹಾಕುತ್ತಿದ್ದದ್ದು ತಾಯಿ. ಹಾಕುತ್ತ ಹಾಕುತ್ತ ಕೆಮ್ಮುತ್ತಿದ್ದಳು. ‘ದೂರ ಇರವ್ವ, ನಂದು ನಿಂಗೆ ತಗಲ್ತದೆ’ ಎಂದು ಮಗಳು ಅಳುತ್ತಿದ್ದಳು. ‘ತಗಲ್ಲಿ ಬುಡು ಮಗಾ’ ಎಂದು ತಾಯಿ ಇನ್ನೂ ಹತ್ತಿರ ಕೂರುತ್ತಿದ್ದಳು.

ತಿಂಗಳಲ್ಲೇ ಸುಂದ್ರಮ್ಮನ ಡಬ್ಬಿ ಶುದ್ಧವಾಯಿತು. ಡಾಕ್ಟರಿಗೆ ಆದ ಸಂತೋಷ ಹೇಳತೀರದು. ಅವರ ಪರೀಕ್ಷೆಯಲ್ಲೆಲ್ಲ ಇಷ್ಟು ಬೇಗ ಗುಣ ಕಂಡವರು ಬೇರೆ ಇರಲಿಲ್ಲ. ಒಂದು ವರ್ಷ ತುಂಬಿದಾಗ ಮೈಸೂರಿಗೆ ಕರೆದೊಯ್ದು ಎದೆಯ ಫೋಟೊ ತೆಗೆಸಿದರು. ಒಂದು ಚುಕ್ಕೆ ಕೂಡ ಇರಲಿಲ್ಲ. ಆ ಫೋಟೊವನ್ನು ಬೆಳಕಿಗೆ ಹಿಡಿದು ಬೇರೆ ಡಾಕ್ಟರುಗಳಿಗೆಲ್ಲ ತೋರಿಸಿದರಂತೆ: ಈ ಹುಡುಗಿ ಹಳ್ಳಿಯ ಜಗುಲಿಯ ಮೇಲೆ ಮಲಗಿಯೇ ವಾಸಿಯಾದಳು ಎಂದು.

ಅಷ್ಟು ಹೊತ್ತಿಗೆ ಶಿವರುದ್ರಮ್ಮ ಗೋಡೆ ಹಿಡಿಯದೆ ನಡೆಯಲಾರದೆ ಹೋಗಿದ್ದಳು. ಒಂದು ದಿನ ಹಿಟ್ಟಿನ ಮುದ್ದೆ ತಿರುವುತ್ತಿದ್ದ ಹಾಗೇ ಬಾಯಿಂದ ರಕ್ತ ಬಂತು. ಚಲುವಯ್ಯ ಬೆಳಗಿನ ಕಫ ತೆಗೆದುಕೊಂಡು ಹೋದ. ಈ ಸಲ ಡಾಕ್ಟರೇ ಓಡಿ ಬಂದರು. ಜಗುಲಿಯ ಅಂಚಿನಲ್ಲಿ ಕೂತು ಮಹದೇವಪ್ಪನಿಗೆ ಬಿಡಿಸಿ ಹೇಳಿದರು: ‘ಒಂದೇ ಮನೆ, ಒಂದೇ ಗಾಳಿ. ಮಗಳಿಂದ ತಾಯಿಗೆ ಬಂದಿದೆ.’ ಯಾರನ್ನೂ ನೋಯಿಸಲು ಹೇಳಿದ್ದಲ್ಲ. ಕಂಬದ ಮರೆಯಲ್ಲಿ ಸುಂದ್ರಮ್ಮ ನಿಂತಿದ್ದಳು.

ಮಾತ್ರೆ ಶುರುವಾಯಿತು. ಆದರೆ ಆ ಎದೆಯಲ್ಲಿ ಮಾತ್ರೆಗೆ ಉಳಿಸಲು ಏನೂ ಇರಲಿಲ್ಲ. ಕಾರ್ತಿಕದಲ್ಲಿ ಹೋದಳು. ನಮ್ಮವರ ಪದ್ಧತಿಯಂತೆ ವಿಭೂತಿ ಹಚ್ಚಿ ಕೂರಿಸಿದ್ದರು. ಮಗಳು ಕೊನೆಗೊಂದು ಸಲ ಪಾದ ಮುಟ್ಟಲೂ ಬರಲಿಲ್ಲ. ಕಣದ ಆಚೆ ಬದುವಿನ ಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಅಲ್ಲಿಂದೀಚೆಗೆ ಎಷ್ಟು ಸಲ ಹೇಳಿದೆನೋ. ಮಹದೇವಪ್ಪನಿಗೆ ಹೇಳಿದರೆ ‘ಸತ್ತೋರ್ ಮ್ಯಾಲೂ ಕತೆ ಕಟ್ತೀಯಲ್ಲೋ’ ಎಂದು ಎದ್ದು ಹೋದ. ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಈಗ ಸುಂದ್ರಮ್ಮನ ದೊಡ್ಡ ತಮ್ಮನಿಗೆ ಮದುವೆಯಾಗಿ ಒಂದು ಹೆಣ್ಣು ಕೂಸಾಗಿದೆ. ಅತ್ತೆ ಅಂದರೆ ಜೀವ ಬಿಡುವ ಕೂಸು. ಅವಳನ್ನು ಕಂಡರೆ ಎರಡು ಕೈಯನ್ನೂ ಚಾಚುತ್ತದೆ.

ಮೊನ್ನೆ ಹೋದಾಗ ತಮ್ಮ, ತಮ್ಮನ ಹೆಂಡತಿ ಬ್ಯಾರನ್ನಿನಲ್ಲಿದ್ದರು. ಕೂಸು ನಡುಮನೆಯ ತೊಟ್ಟಿಲಲ್ಲಿತ್ತು. ತೊಟ್ಟಿಲಿಗೆ ಬಾವಿಹಗ್ಗದಷ್ಟು ಉದ್ದದ ಹಗ್ಗ ಕಟ್ಟಿ, ಹೊಸ್ತಿಲು ದಾಟಿಸಿ, ಜಗುಲಿಯ ತುದಿಯಲ್ಲಿ ಕೂತು ಸುಂದ್ರಮ್ಮ ಎಳೆಯುತ್ತಿದ್ದಳು. ನಾನು ಆವತ್ತು ಒಂದು ತಮಾಷೆಯನ್ನೂ ಸೇರಿಸದೆ, ತಿಪ್ಪೆಗೆ ಚೆಲ್ಲಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಹಗ್ಗ ಎಳೆಯುತ್ತಲೇ ಕೇಳಿದಳು.

‘ಚಿಗಪ್ಪ, ಎದೆ ಫೋಟೊದಲ್ಲಿ ಒಂದು ಚುಕ್ಕೆನೂ ಇರ್ನಿಲ್ಲ, ಅದ್ಕೇ ಕಾಯ್ಲೆ ಬಂದಿರ್ನಿಲ್ಲ ಅಂತೀರ. ಮಾತ್ರೆ ತಿಂದು ವಾಸಿಯಾಗಿದ್ರೂ ಅದು ಅಂಗೇ ಇರ್ತದಲ್ವ?’

ವಾಸಿಯಾದವಳ ಎದೆ, ಕಾಯಿಲೆಯೇ ಬಾರದವಳ ಎದೆ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಡಾಕ್ಟರು ಗುರುತು ಹಿಡಿದಾರು?

‘ನಮ್ಮವ್ವನೂ ಆವತ್ತು ನನ್ ಕಾಯ್ಲೆನ ತನ್ದು ಅಂತ ಏಳುದ್ಲು. ನೀವೂ ಏಳ್ತೀರಿ. ನಂಗೋಸ್ಕರ ಇಷ್ಟು ಚೆಂದಾಗಿ ಯಾರೂ ಸುಳ್ಳೇಳಿರ್ನಿಲ್ಲ ಚಿಗಪ್ಪ’ ಎಂದಳು. ಗೇಲಿಯಲ್ಲ. ನಿಜವಾಗಿಯೂ ಉಪಕಾರ ನೆನೆದು ಹೇಳಿದಳು.

ಅಷ್ಟರಲ್ಲಿ ಒಳಗೆ ಕೂಸು ಕಿಟಾರನೆ ಕಿರುಚಿತು. ಸುಂದ್ರಮ್ಮ ಹಗ್ಗ ಕೆಳಗಿಟ್ಟು ಎದ್ದಳು. ಹೊಸ್ತಿಲವರೆಗೆ ಹೋಗಿ, ಸೆರಗಿನಿಂದ ಮೂಗುಬಾಯಿ ಮುಚ್ಚಿಕೊಂಡು ಇಣುಕಿ, ಕೂಸು ಕೈ ಚಾಚಿದ್ದು ಕಂಡು ಹಿಂದಕ್ಕೆ ಸರಿದಳು. ತಮ್ಮನ ಹೆಂಡತಿಯನ್ನು ಕರೆಯಲು ಬ್ಯಾರನ್ನಿನ ಕಡೆ ದಾಪುಗಾಲು ಹಾಕಿದಳು. ನಾನು ಮೆಟ್ಟಿಲಿಳಿದು ಹಿಂದೆಯೇ ಹೋದೆ.

‘ನಿಲ್ಲವ್ವ, ನನ್ನ ನಂಬಬ್ಯಾಡ ಬುಡು, ನಿಮ್ಮವ್ವ ಆವತ್ತು ಬೀದೀಲಿ ನಿಂತು ಅಂದಳಲ್ಲ, ಆ ಮಾತಾದ್ರೂ ನಂಬು, ಒಂದ್ಸಲ, ಒಂದೇ ಒಂದ್ಸಲ ಆ ಕೂಸ್ನ ಎತ್ಕಂಡು ನೋಡು, ಅದ್ಕೆ ಏನೂ ಆಗಾಕಿಲ್ಲ, ಯಾಕಂದ್ರೆ ನಿನ್ ಉಸ್ರಲ್ಲಿ ಯಾವತ್ತೂ ಆ ಕಾಯ್ಲೆ ಇರ್ನಿಲ್ಲ ಕಣವ್ವ’ ಎಂದು ಕೂಗುತ್ತಲೇ ಇದ್ದೆ, ಅವಳು ತಿರುಗಿ ನೋಡದೆ ಬ್ಯಾರನ್ನಿನ ಕಡೆ ನಡೆದೇ ಹೋದಳು.